ಮಾವನಿಗೆ ಸಿಕ್ಕ ವಚನ

ವೆಸ್ಟರ್‌ಹುಕ್, ಝೀಲೆಂಡ್
ಸೋಮವಾರ, 14 ಏಪ್ರಿಲ್ 1958

ಪ್ರೀತಿಯ ಮರೀನಸ್,

ನಿನ್ನ ಬೆನ್ನು ಹೇಗಿದೆ? ಒಡ್ಡಿನ ಬುಡಕ್ಕೆ ಹಾಸುವ ವಿಲ್ಲೋ ಕಡ್ಡಿಯ ಆ ದೊಡ್ಡ ಚಾಪೆಗಳನ್ನು ಸಮುದ್ರದ ತಳಕ್ಕೆ ಇಳಿಸುವಾಗ ನಡು ಹಿಡಿದುಕೊಂಡಿತು ಎಂದು ಹೋದ ಸಲ ನೀನು ಬರೆದಿದ್ದೆ. ಮಲಗುವ ಮುಂಚೆ ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ನಡುವಿನ ಕೆಳಗೆ ಇಟ್ಟುಕೋ. ಬಿಡಾರದ ಗಂಡಸರು ನಗುತ್ತಾರೆಂದು ಬಿಡಬೇಡ, ನಕ್ಕವರು ಯಾರೂ ನಾಳೆ ನಿನ್ನ ಪಾಲಿನ ಕಲ್ಲು ಹೊರುವುದಿಲ್ಲ. ನಾವಿಲ್ಲಿ ಕ್ಷೇಮ. ಲೇನಾಳ ಕೆಮ್ಮು ಪೂರ್ತಿ ಹೋಗಿದೆ, ಕೆನ್ನೆ ತುಂಬಿಕೊಂಡಿದೆ. ನೀನೆಲ್ಲಿ ಎಂದು ಯಾರು ಕೇಳಿದರೂ "ಅಪ್ಪ ನೀರಲ್ಲಿ" ಅನ್ನುತ್ತಾಳೆ. ಐದು ವರ್ಷದ ಹಿಂದೆ ಸಮುದ್ರ ಒಡ್ಡು ಒಡೆದು ಬಂದ ಪ್ರವಾಹ ಕಂಡ ಈ ಊರಿನಲ್ಲಿ ಆ ಮಾತು ಕೇಳಿದವರ ಮುಖ ಒಂದು ಗಳಿಗೆ ಬಿಳಿಚಿಕೊಳ್ಳುತ್ತದೆ, ಆಮೇಲೆ ನೀನು ಒಡ್ಡು ಕಟ್ಟಲು ಹೋಗಿರುವುದು ನೆನಪಾಗಿ ನಗುತ್ತಾರೆ. ಅತ್ತೆ ಈರುಳ್ಳಿ ಬಿತ್ತನೆ ಮುಗಿಸಿದರು. ಮಾವ ಆರೋಗ್ಯವಾಗಿದ್ದಾರೆ. ಅವರ ಆರೋಗ್ಯದ ವಿಷಯದಲ್ಲಿ ದೇವರು ಯಾವತ್ತೂ ಅವರಿಗೆ ಗೊಂದಲ ಮಾಡಿಲ್ಲ.

ನೀನು ಬರೆದ ಉತ್ತರ ಸಿಕ್ಕಿತು. ಲೇನಾಳಿಗೆ ಪೋಲಿಯೊ ಲಸಿಕೆ ಹಾಕಿಸಲೇ ಬೇಡವೇ ಎಂದು ನಾನು ಎರಡು ಹಾಳೆ ತುಂಬ ಕೇಳಿದ್ದೆ. ನೀನು ಬರೆದದ್ದು ಇಷ್ಟೇ: ಅಪ್ಪನಿಗೆ ವಚನ ಸಿಕ್ಕಿದೆಯಂತೆ, ಅವರು ಹೇಳಿದಂತೆ ಮಾಡು. ಮದುವೆಯಾಗಿ ನಿಮ್ಮ ಚರ್ಚಿನ ಈ ಸಭೆಗೆ ಬರುವ ಮುಂಚೆ ನನಗೆ ಈ ಮಾತಿನ ಅರ್ಥವೇ ಗೊತ್ತಿರಲಿಲ್ಲ. ಕಾಲುವೆಯ ಆಚೆ ನಮ್ಮ ತಂದೆಯ ಸಭೆಯಲ್ಲಿ ಬೈಬಲ್ ಓದುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಆಮೇಲೆ ತಲೆ ಕೆರೆದುಕೊಂಡು ತಾವೇ ಒಂದು ತೀರ್ಮಾನ ಮಾಡಿ ಅದು ಕೆಟ್ಟರೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಇಲ್ಲಿ ಹಾಗಲ್ಲ. ಇಲ್ಲಿ ಬೈಬಲಿನ ವಚನ ತಾನಾಗಿ ಬಂದು ಬೀಳಬೇಕು. ಹೊಲದಲ್ಲೋ ಕೊಟ್ಟಿಗೆಯಲ್ಲೋ ಇರುವಾಗ, ಹುಡುಕದೆ, ಬಾವಿಗೆ ಕಲ್ಲು ಬಿದ್ದಂತೆ ಎದೆಯೊಳಗೆ ಬೀಳಬೇಕು. ಬಿದ್ದರೆ ಅದು ದೇವರೇ ಬಂದು ಹೇಳಿದ ಹಾಗೆ, ಇನ್ನು ಮಾತಿಲ್ಲ. ನಮ್ಮ ಮದುವೆಗೆ ನಿನ್ನ ಅಪ್ಪನಿಗೆ ವಚನ ಬೀಳುವವರೆಗೆ ಎರಡು ಚಳಿಗಾಲ ಕಾದದ್ದು ನಿನಗೆ ನೆನಪಿರಬಹುದು. ಆಗ ನಾವು ಸೈಕಲ್ ಶೆಡ್ಡಿನ ಹಿಂದೆ ನಿಂತು ಅದಕ್ಕೆ ನಗುತ್ತಿದ್ದೆವು. ಈಗ ನನಗೆ ನಗು ಬರುತ್ತಿಲ್ಲ.

ಈ ಸಲ ಅವರಿಗೆ ಸಿಕ್ಕಿದ್ದು ತೊಂಬತ್ತೊಂದನೆಯ ಕೀರ್ತನೆ. ಯಾವ ವ್ಯಾಧಿಯೂ ನಿನ್ನ ಗುಡಾರದ ಹತ್ತಿರ ಸುಳಿಯುವುದಿಲ್ಲ ಎಂಬ ಮಾತು. ಬೀಟ್ ಗದ್ದೆಯಲ್ಲಿ ಸಿಕ್ಕಿತಂತೆ. ಬೂಟಿನ ಮಣ್ಣನ್ನೂ ಒರೆಸದೆ ಒಳಗೆ ಬಂದು ಹೇಳಿದರು, ಕಣ್ಣು ಒದ್ದೆಯಾಗಿತ್ತು. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಸುಳ್ಳಾಗಿದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಮರೀನಸ್, ಇದೇ ಒದ್ದೆ ಕಣ್ಣನ್ನು ನಾನು ಹಿಂದೆಯೂ ನೋಡಿದ್ದೇನೆ. ನಿನ್ನ ತಮ್ಮ ಕ್ರೈನ್ ಪೋಲಿಯೊ ಜ್ವರದಲ್ಲಿ ಬಿದ್ದು, ಕತ್ತು ಬಗ್ಗಿಸಲಾಗದೆ ನರಳುತ್ತಿದ್ದಾಗ ಅವರು ಕೊಟ್ಟಿಗೆಯಿಂದ ಹೀಗೆಯೇ ಬಂದಿದ್ದರು. ಈ ರೋಗ ಮರಣಕ್ಕಾಗಿ ಬಂದದ್ದಲ್ಲ ಎಂಬ ವಚನ ಆಗ ಸಿಕ್ಕಿತ್ತು. ಅದನ್ನು ನಂಬಿ ಎರಡು ದಿನ ಡಾಕ್ಟರನ್ನು ಕರೆಸಲಿಲ್ಲ. ಬೇಗ ಕರೆದಿದ್ದರೂ ಏನಾಗುತ್ತಿತ್ತೋ ಎಂದು ಡಾಕ್ಟರು ಆಮೇಲೆ ಅತ್ತೆಗೆ ಹೇಳಿದರು, ಅದು ಅವರ ದೊಡ್ಡತನ. ಉಸಿರಾಡಿಸುವ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ತಲೆ ಮಾತ್ರ ಹೊರಗಿಟ್ಟುಕೊಂಡು ಮಲಗಿದ್ದ ಒಂಬತ್ತು ವರ್ಷದ ಹುಡುಗ ತನ್ನ ಮೊಲಗಳಿಗೆ ಹುಲ್ಲು ಹಾಕುತ್ತಿದ್ದೀರಾ ಎಂದು ನನ್ನನ್ನು ಕೇಳಿದ. ಮರುದಿನ ಹೋದ. ಸಮಾಧಿಯ ಹತ್ತಿರ ಮಾವ ಏನೆಂದರು, ನೆನಪಿದೆಯಲ್ಲ? ವಚನ ಸುಳ್ಳಾಗಿಲ್ಲ, ಅದು ದೇಹದ ಮಾತಲ್ಲ ಆತ್ಮದ ಮಾತು, ಹುಡುಗ ನಿತ್ಯ ಮರಣಕ್ಕೆ ಹೋಗಿಲ್ಲ ಎಂದು. ಜನ ತಲೆದೂಗಿದರು. ನೀನೂ ತಲೆದೂಗಿದೆ. ಅತ್ತೆ ಒಬ್ಬರೇ ತಲೆ ಅಲ್ಲಾಡಿಸದೆ ಮಣ್ಣನ್ನು ನೋಡುತ್ತಿದ್ದರು.

ಹೋದ ಬುಧವಾರ ಸಭೆಯ ಹಿರಿಯರು ವರ್ಷದ ಭೇಟಿಗೆ ಬಂದಿದ್ದರು. ಬೇಕರಿಯ ಯೋಸ್ಟ್, ಜೊತೆಗೆ ಬಾಯಿ ತೆರೆಯದ ಇನ್ನೊಬ್ಬರು. ಮುಂದಿನ ಕೋಣೆಯಲ್ಲಿ ಒಲೆ ಹಚ್ಚಿ, ಒಳ್ಳೆಯ ಬಟ್ಟಲುಗಳನ್ನು ಇಳಿಸಿ ಕೂತೆವು. ಯೋಸ್ಟ್ ಎಲ್ಲರಿಗೂ ಪೆಪ್ಪರ್‌ಮಿಂಟ್ ಹಂಚಿ ಒಬ್ಬೊಬ್ಬರ ಆತ್ಮದ ಸ್ಥಿತಿ ವಿಚಾರಿಸಿದರು. ನನ್ನ ಸರದಿ ಬಂದಾಗ ನಾನು ಪ್ರತಿ ವರ್ಷ ಮಾಡುವಂತೆ ಕಿವಿ ಕೆಂಪಾಗಿಸಿಕೊಂಡು ನೆಲ ನೋಡುತ್ತೇನೆಂದುಕೊಂಡು ಅವರು ಆಗಲೇ ಅತ್ತೆಯ ಕಡೆ ತಿರುಗಿದ್ದರು. ನನಗೇ ಗೊತ್ತಾಗದೆ ಬಾಯಿಂದ ಬಂದುಬಿಟ್ಟಿತು: ಕ್ರೈನ್ ಕಾಯಿಲೆ ಬಿದ್ದ ಹೊತ್ತಿನಲ್ಲಿ ಮಾವನಿಗೆ ಸಿಕ್ಕಿದ್ದು ದೇವರ ಮಾತೇ ಆಗಿತ್ತಾ ಅಂತ. ಯೋಸ್ಟ್ ಮೊದಲು ನಕ್ಕರು, "ಇವಳಿಗೂ ನಾಲಿಗೆ ಇದೆ ಅಂತ ಈಗ ಗೊತ್ತಾಯ್ತು ನೋಡಪ್ಪ, ಆಡ್ರಿಯಾನ್" ಎಂದು ಮಾವನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ದೇವರ ವಾಕ್ಯದ ಒಂದೊಂದು ಅಕ್ಷರವೂ ಅವನ ಉಸಿರು, ಅದು ತಪ್ಪುವುದಿಲ್ಲ, ಕೇಳಿಸಿಕೊಳ್ಳುವ ಮನುಷ್ಯರು ತಪ್ಪಬಹುದು ಎಂದು ಮೆತ್ತಗೆ ವಿವರಿಸಿದರು. ಹಾಗಾದರೆ ಈ ಸಲ ಕೇಳಿಸಿಕೊಂಡದ್ದು ತಪ್ಪಿಲ್ಲವೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. "ಅದು ಸಿಕ್ಕಿದವರಿಗೆ ಗೊತ್ತಿರತ್ತಮ್ಮ" ಎಂದರು. ನಾನು ಕೇಳಿದ್ದೇ ಅದನ್ನಲ್ಲವೇ, ಅವರು ನನ್ನ ಪ್ರಶ್ನೆಯನ್ನೇ ಮಡಚಿ ನನ್ನ ಕೈಗೆ ವಾಪಸ್ ಕೊಟ್ಟರು.

ಆಗ ಮಾವ ಶುರುಮಾಡಿದರು. ಗಟ್ಟಿಮುಟ್ಟಾಗಿರುವವರಿಗೆ ವೈದ್ಯ ಬೇಡ, ರೋಗಿಗಳಿಗೆ ಬೇಕು ಎಂದು ಕರ್ತನ ಬಾಯಿಂದಲೇ ಬಂದಿದೆ. ಚೆನ್ನಾಗಿರುವ ಮಗುವಿಗೆ ಸೂಜಿ ಚುಚ್ಚಿಸುವುದೆಂದರೆ ದೇವರ ಕೈ ಹಿಡಿದು ತಡೆಯುವುದು. ಅದನ್ನು ನಾನು ನೂರು ಸಲ ಕೇಳಿದ್ದೇನೆ. ಹಾಗಿದ್ದರೆ ಸಮುದ್ರವೂ ದೇವರ ಕೈಯಲ್ಲೇ ಇದೆಯಲ್ಲ, ಗಟ್ಟಿಯಾಗಿರುವ ಒಡ್ಡಿಗೆ ನನ್ನ ಗಂಡ ದಿನವೂ ಕಲ್ಲು ಹಾಕುತ್ತಿರುವುದೇಕೆ ಎಂದೆ. ಒಡ್ಡು ಬೇರೆ, ಮಗು ಬೇರೆ ಎಂದು ಯೋಸ್ಟ್ ಬಟ್ಟಲು ಕೆಳಗಿಟ್ಟರು. ಅಷ್ಟರಲ್ಲಿ ಅತ್ತೆ, ಇನ್ನೊಂದು ಸುತ್ತು ಕಾಫಿ ಬಗ್ಗಿಸುತ್ತಿದ್ದವರು, ತಲೆಯೆತ್ತದೆ ಹೇಳಿದರು, "ಬೇರೆ ಹೌದು. ಒಡ್ಡು ಒಡೆದ್ರೆ ಇನ್ನೊಂದು ಕಟ್ಕೋತೀರಿ." ಅಷ್ಟೇ. ಮಾವ ಅವರನ್ನು ನೋಡಲಿಲ್ಲ. ಹಿರಿಯರು ಪ್ರಾರ್ಥನೆ ಮಾಡಿ ಎದ್ದರು. ಬಾಗಿಲಲ್ಲಿ ಯೋಸ್ಟ್ ನನ್ನ ಭುಜ ತಟ್ಟಿ, ಹೆಚ್ಚು ಯೋಚನೆ ಮಾಡಿದರೆ ಹಾಲು ಒಡೆಯುತ್ತದೆ ಎಂದರು, ನಾನೇನೋ ಹಾಲು ಕರೆಯುವ ಹಸುವೆಂಬಂತೆ.

ಮೊನ್ನೆ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಎಂದಿನಂತೆ ಮಾವ ಬೈಬಲ್ ತೆಗೆದರು. ಓದುವ ಕ್ರಮದಲ್ಲಿ ಮತ್ತಾಯನ ನಾಲ್ಕನೆಯ ಅಧ್ಯಾಯ ಬಂದಿತ್ತು. ಸೈತಾನ ಕರ್ತನನ್ನು ದೇವಾಲಯದ ತುದಿಗೆ ಕರೆದೊಯ್ದು, ಕೆಳಕ್ಕೆ ಹಾರು, ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಅನ್ನುವ ಭಾಗ. ನಾನು ಲೇನಾಳ ಬಾಯಿ ಒರೆಸುತ್ತಿದ್ದೆ. ಕೈ ಅಲ್ಲೇ ನಿಂತಿತು. ದೂತರ ಆ ಮಾತು ಎಲ್ಲಿ ಬರೆದಿದೆ, ಹೇಳು? ಅದೇ ತೊಂಬತ್ತೊಂದನೆಯ ಕೀರ್ತನೆಯಲ್ಲಿ. ಮಾವನಿಗೆ ಸಿಕ್ಕ ಸಾಲಿನ ಮುಂದಿನ ಸಾಲು. ಸೈತಾನ ಒಂದಕ್ಷರ ತಪ್ಪಿಲ್ಲದೆ ಹೇಳಿದ್ದಾನೆ. ಮಾವ ಧ್ವನಿ ಬದಲಿಸದೆ ಕೊನೆಯವರೆಗೂ ಓದಿದರು, ನಾವು ಗಮನ ಕೊಟ್ಟು ಕೇಳಿದೆವೋ ಎಂದು ನೋಡಲು ಯಾವಾಗಲೂ ಕೇಳುವಂತೆ, "ಕೊನೇ ಪದ ಯಾವ್ದು, ಯಾಕೋಮಿನಾ?" ಎಂದರು. ನಾನು ಕೊನೆಯ ಪದ ಹೇಳಲಿಲ್ಲ. ಸೈತಾನ ಹೇಳಿದ್ದು ನಿಮ್ಮ ಕೀರ್ತನೆಯೇ ಅಲ್ಲವೇ ಮಾವ ಎಂದೆ. ಅವರು ಪುಟದ ಮೇಲೆ ಅಂಗೈ ಊರಿದರು. ಆಮೇಲೆ, "ಸೈತಾನ ಅರ್ಧ ಹೇಳ್ದ. ಅದಕ್ಕೇ ಸುಳ್ಳಾಯ್ತು" ಎಂದರು. ನೀವು ಎಷ್ಟು ಹೇಳಿದಿರಿ ಎಂದು ಕೇಳಬೇಕಿತ್ತು. ಅಷ್ಟು ಧೈರ್ಯ ಬರಲಿಲ್ಲ, ಇಲ್ಲಿ ನಿನಗೆ ಬರೆಯುತ್ತಿದ್ದೇನೆ.

ನಾನು ಏಳನೆಯ ತರಗತಿ ಮುಗಿಸಿ ಅಗಸೆ ಕೀಳಲು ಹೋದವಳು. ದೊಡ್ಡ ವಿಷಯ ಮಾತಾಡುವ ಯೋಗ್ಯತೆ ನನಗಿಲ್ಲವೆಂದು ಈ ಮನೆಯಲ್ಲಿ ಯಾರೂ ಹೇಳಿಲ್ಲ, ಹೇಳಬೇಕಾದ ಅಗತ್ಯವೇ ಅವರಿಗೆ ಬಿದ್ದಿಲ್ಲ. ಬೈಬಲ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಾನು ಅಕ್ಷರ ಕೂಡಿಸಲು ಕಲಿತದ್ದೇ ಅದರಿಂದ. ಪ್ರವಾಹದ ರಾತ್ರಿ ಅಟ್ಟದ ಮೇಲೆ ಕೂತು ಅಮ್ಮ ಹೇಳಿಕೊಟ್ಟ ಕೀರ್ತನೆಗಳನ್ನೇ ನಾನು ಹಲ್ಲು ಕಟಕಟಿಸುತ್ತ ಹೇಳಿಕೊಂಡೆ, ಅವು ಕೊಟ್ಟ ಬಿಸುಪು ಸುಳ್ಳಲ್ಲ. ಆದರೆ ಸಮುದ್ರದ ಉಬ್ಬರವಿಳಿತದ ವೇಳೆಯ ಪಟ್ಟಿಯನ್ನು ನಾವೇಕೆ ನಂಬುತ್ತೇವೆ? ಅದು ತಪ್ಪಿದ್ದರೆ ಸಂಜೆಯೊಳಗೆ ಕಾಲಿಗೆ ನೀರು ತಗುಲಿ ಗೊತ್ತಾಗುತ್ತದೆ, ಅದಕ್ಕೆ. ಮಾವನ ವಚನ ಹಾಗಲ್ಲ. ಹುಡುಗ ಬದುಕಿದ್ದರೆ ವಚನ ನಿಜ, ಸತ್ತರೆ ಆತ್ಮದ ಲೆಕ್ಕದಲ್ಲಿ ಇನ್ನೂ ನಿಜ. ಎಂದೂ ತಪ್ಪಲಾಗದ ಮಾತನ್ನು ಸರಿ ಎಂದು ನಾನು ಹೇಗೆ ಕರೆಯಲಿ? ಪಾಪ, ಆ ಪುಸ್ತಕಕ್ಕಾದರೂ ಮೇಜಿನ ಮೇಲಿಂದ ಎದ್ದು, ನಾನು ನಿನಗೆ ಹಾಗೆ ಹೇಳಲಿಲ್ಲವಯ್ಯಾ ಎನ್ನಲು ಬಾಯಿದೆಯೇ? ಅದು ಯಾರ ಕೈಯಲ್ಲಿದೆಯೋ ಅವರ ಧ್ವನಿಯಲ್ಲೇ ಮಾತಾಡಬೇಕು. ದೇವರು ತನ್ನ ಅಧಿಕಾರವನ್ನೆಲ್ಲ ಅಂಥ ಮೂಕ ವಸ್ತುವಿನಲ್ಲಿಟ್ಟು ನಮ್ಮಂಥವರ ನಡುವೆ ಬಿಟ್ಟುಹೋದನೆಂದರೆ, ಅವನಿಗೆ ನಿನ್ನ ಅಪ್ಪನ ಪರಿಚಯ ಇರಲಿಲ್ಲವೇನೋ. ಈ ಸಾಲನ್ನು ಹೊಡೆದುಹಾಕಬೇಕು ಎಂದುಕೊಂಡೆ. ಇರಲಿ ಬಿಡು.

ಪಾತ್ರೆ ತೊಳೆಯುವಾಗ ಅತ್ತೆಯನ್ನು ಕೇಳಿದೆ, ನಿಮಗೆ ಯಾವತ್ತಾದರೂ ವಚನ ಸಿಕ್ಕಿದೆಯೇ ಎಂದು. "ನಂಗೆಲ್ಲಿ ಸಿಗತ್ತೆ ಮಗಾ, ನಾನು ಅವನ ಹಾಸಿಗೆ ಬಟ್ಟೆ ಬದಲಾಯಿಸ್ತಾ ಇದ್ದೆ" ಎಂದರು. ಯಾರ ಹಾಸಿಗೆ ಎಂದು ಕೇಳಬೇಕಾಗಿರಲಿಲ್ಲ.

ನಾಳೆ ಪಕ್ಕದ ಊರಿನ ಶಾಲೆಗೆ ನರ್ಸ್ ಬರುತ್ತಾಳೆ. ನಮ್ಮ ಊರಿಗೆ ಬರುವುದಿಲ್ಲ, ಬಂದರೂ ಹೋದ ವರ್ಷದಂತೆ ಖಾಲಿ ಕುರ್ಚಿಗಳ ಮುಂದೆ ಕೂತು ಹೋಗಬೇಕು. ಬೇಸಿಗೆ ಬರುತ್ತಿದೆ, ಮಕ್ಕಳು ಕಾಲುವೆಗೆ ಇಳಿಯುವ ಕಾಲ, ಕ್ರೈನ್ ಕಾಯಿಲೆ ಬಿದ್ದದ್ದೂ ಆ ಕಾಲದಲ್ಲೇ. ನಾನೇನು ಮಾಡಬೇಕೆಂದು ನಿನ್ನನ್ನು ಇನ್ನೊಮ್ಮೆ ಕೇಳುವುದಿಲ್ಲ. ಕೇಳಿದರೆ ನೀನು ಅಪ್ಪನನ್ನು ಕೇಳುತ್ತೀಯ, ಅಪ್ಪ ಬೀಟ್ ಗದ್ದೆಗೆ ಹೋಗುತ್ತಾರೆ.

ಅತ್ತೆ ನಿನಗೆ ಉಣ್ಣೆಯ ಒಳಅಂಗಿ ಹೆಣೆಯುತ್ತಿದ್ದಾರೆ, ತೋಳು ಒಂದು ಬಾಕಿ. ಲೇನಾ ಈ ಹಾಳೆಯ ಮೂಲೆಗೆ ಮುತ್ತು ಕೊಟ್ಟಿದ್ದಾಳೆ, ಜಾಮ್ ಕಲೆ ಅದರದ್ದೇ. ನಿನ್ನ ಜೊತೆಯ ಆ ಕೆಂಪುಗೂದಲಿನ ಫ್ರೀಸ್‌ಲ್ಯಾಂಡಿನವನಿಗೆ ನನ್ನ ನಮಸ್ಕಾರ ಹೇಳು, ನಿನ್ನ ಪಾಲಿನ ಕೆಲಸ ಮಾಡಿಕೊಟ್ಟದ್ದಕ್ಕೆ. ನೀರಿನ ಮೇಲೆ ನಿಲ್ಲುವಾಗ ಹುಷಾರು. ಎಲ್ಲರನ್ನೂ ಕಾಯುವವನು ನಿನ್ನನ್ನೂ ಕಾಯಲಿ ಎಂದು ಬರೆಯುವುದು ನನಗೆ ಇನ್ನೂ ರೂಢಿ, ಬರೆದಿದ್ದೇನೆ.

ನಿನ್ನ ಹೆಂಡತಿ,
ಯಾಕೋಮಿನಾ

ಮಂಗಳವಾರ ಸಂಜೆ. ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಇಷ್ಟು. ಲೇನಾಳಿಗೆ ಲಸಿಕೆ ಹಾಕಿಸಿಕೊಂಡು ಬಂದೆವು. ಅತ್ತೆ ತಾವಾಗಿಯೇ ಹೊರಗೆ ಹೋಗುವಾಗಿನ ಬಿಳಿ ಟೋಪಿ ಕಟ್ಟಿಕೊಂಡು ನನ್ನ ಜೊತೆ ಬಸ್ ಹತ್ತಿದರು, ಸೂಜಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡವರು ಅವರೇ. ಮುಚ್ಚಿಡಲು ಆಗಲಿಲ್ಲ. ಊಟದ ಹೊತ್ತಿಗೆ ಲೇನಾ ತೋಳು ಮೇಲೆತ್ತಿ, "ನೋಡಜ್ಜ, ಅಬ್ಬು" ಎಂದು ಪಟ್ಟಿ ತೋರಿಸಿದಳು. ಮಾವ ಬೈಬಲ್ ತೆರೆಯದೆ ಎದ್ದು ಯೋಸ್ಟ್ ಮನೆಗೆ ಹೋದರು. ಗುರುವಾರ ನಾನು ಹಿರಿಯರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕಂತೆ. ಒಪ್ಪಿಕೊಳ್ಳುವುದಿಲ್ಲ. ಆದರೆ ನಿನಗೆ ಒಂದು ವಿಷಯ ಗೊತ್ತಿರಬೇಕು. ಮಗುವಿನ ತಂದೆಗೆ ಒಪ್ಪಿಗೆ ಇದೆಯೇ ಎಂದು ನರ್ಸ್ ಕೇಳಿದಳು. ನಾನು ಅವಳ ಕಣ್ಣನ್ನೇ ನೋಡಿ, ಇದೆ, ಅವನೇ ಕಳಿಸಿದ್ದು ಎಂದೆ. ನಿನ್ನ ಹೆಸರಿನಲ್ಲಿ ನಾನು ಆಡಿದ ಮಾತು ಅದು. ಗುರುವಾರದೊಳಗೆ ಬಂದು ನನ್ನ ಪಕ್ಕದಲ್ಲಿ ನಿಂತರೆ ಅದು ನಿಜವಾಗುತ್ತದೆ. ಇಲ್ಲವಾದರೆ ಶುಕ್ರವಾರ ನಾನು ಲೇನಾಳನ್ನು ಕರೆದುಕೊಂಡು ಕಾಲುವೆಯ ಆಚೆ ನಮ್ಮ ಮನೆಗೆ ಹೋಗುತ್ತೇನೆ, ಮುಂದಿನ ತಿಂಗಳ ಎರಡನೆಯ ಸೂಜಿಗೆ ಅಲ್ಲಿಂದಲೇ ಬರುತ್ತೇನೆ. ಉತ್ತರ ಬರೆಯಬೇಡ. ಬಾ, ಇಲ್ಲವೇ ಬರಬೇಡ.