ಚಾಕು ಯಾರ ಕೈಯಲ್ಲಿತ್ತು

ವಿಜಯಪುರ,
ಇಸವಿ ೨೩೧೨, ಕಾರ್ತಿಕದ ಮೂವತ್ನಾಲ್ಕನೇ ದಿನ.

ಹಿಂದಿನ ಕಾಲದವರಾದ ನಿಮಗೆ ನೀಲವ್ವ ಹೂಗಾರಳ ಶರಣು. ತಿಂಗಳಿಗೆ ಮೂವತ್ನಾಲ್ಕು ದಿನವೇ ಎಂದು ಹುಬ್ಬೇರಿಸಬೇಡಿ, ಪಂಚಾಂಗವನ್ನು ತಿದ್ದಿ ಬಹಳ ಕಾಲವಾಯಿತು. ಹಳೆಯ ಧ್ವನಿಗಳನ್ನು ಕೇಳಿ ಕೇಳಿ ನಿಮ್ಮ ಕಾಲದ ಕನ್ನಡ ಕಲಿತವಳು ನಾನು. ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಇದನ್ನು ಹಿಂದಂಚೆಯಲ್ಲಿ ಕಳಿಸುತ್ತಿದ್ದೇನೆ. ಅದರಲ್ಲಿ ಹಿಂದಿನ ಕಾಲಕ್ಕೆ ಕಾಗದ ಮಾತ್ರ ಹೋಗುತ್ತದೆ, ಮನುಷ್ಯರು ಹೋಗುವಂತಿಲ್ಲ. ಇಲ್ಲದಿದ್ದರೆ ನಾನೇ ಬಂದು ನಿಮ್ಮನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಕಣ್ಣಾಳು. ಹಾಗೆಂದರೆ, ನಮ್ಮಲ್ಲಿ ಯಾರಿಗಾದರೂ ಮತ್ತಿನ ಮದ್ದು ಕೊಟ್ಟು ಆಪರೇಶನ್ ಮಾಡುವುದಿದ್ದರೆ ಅವರ ಪರವಾಗಿ ಒಬ್ಬರು ಒಳಗೆ ಕೂತು ನೋಡಬೇಕು. ಮನೆಯವರು ಈ ಕೆಲಸಕ್ಕೆ ಆಗುವುದಿಲ್ಲ, ರಕ್ತ ಕಂಡ ಕೂಡಲೇ ಮುಖ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ವರ್ಷಗಟ್ಟಲೆ ಶರೀರ ಓದಿದ ನಮ್ಮಂಥವರು ಬೇಕು. ಒಂದು ಸ್ಟೂಲು ಹಾಕಿಕೊಂಡು ತುಟಿ ಪಿಟಕ್ಕೆನ್ನದೆ ಕೂರುತ್ತೇವೆ. ರೋಗಿಗೆ ಎಚ್ಚರವಾದ ಮೇಲೆ ಡಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಳಗೆ ನಡೆದದ್ದನ್ನೆಲ್ಲ ಬಿಡಿಸಿ ಹೇಳುತ್ತೇವೆ. ಇದಕ್ಕೆ ಒಪ್ಪಿಸುವುದು ಎನ್ನುತ್ತಾರೆ. ಎಡವಟ್ಟಾಗಿದ್ದರೆ ಮೊದಲ ಮಾತು ಡಾಕ್ಟರದೇ ಆಗಬೇಕು. ಹೋದ ವರ್ಷ ನಮ್ಮ ಡಾಕ್ಟರ್ ಮೌನೇಶ ಒಬ್ಬ ಅಜ್ಜಿಗೆ ಕೊಯ್ಯಬಾರದ ನರ ಕೊಯ್ದಿದ್ದ. ತಾನೇ ಮೊದಲು ಹೇಳಿದ. ಅಜ್ಜಿ ಅವನ ಏಳು ತಲೆಮಾರನ್ನು ಜಾಲಾಡಿಬಿಟ್ಟಳು. ನಾನು ಚುರುಮರಿ ತಿನ್ನುತ್ತ ಕೇಳುತ್ತಿದ್ದೆ, ಅಡ್ಡ ಬರುವ ಹಾಗಿಲ್ಲ, ಬೈಯುವುದು ರೋಗಿಯ ಹಕ್ಕು. ಆಮೇಲೆ ಸರಿಪಡಿಸುವ ಕೆಲಸವನ್ನೂ ಅಜ್ಜಿ ಅವನಿಂದಲೇ ಮಾಡಿಸಿಕೊಂಡಳು. ಇವನಾದರೆ ಸುಳ್ಳು ಹೇಳುವವನಲ್ಲ ಎಂದಳು. ಈಗ ಅವಳು ಚೆನ್ನಾಗಿ ಓಡಾಡಿಕೊಂಡಿದ್ದಾಳೆ.

ಎಲ್ಲ ಕಾಲದಲ್ಲೂ ಹೀಗೇ ಇತ್ತೆಂದು ನಂಬಿದ್ದೆ, ಹುಚ್ಚಿ. ಈ ವರ್ಷ ನಿಮ್ಮ ಕಾಲದ ನ್ಯಾಯಾಲಯಗಳ ಧ್ವನಿಭಂಡಾರವನ್ನು ತೆರೆದರು. ಮೊದಲು ಕೈಗೆ ಸಿಕ್ಕಿದ್ದು ಗ್ರಾಹಕರ ನ್ಯಾಯಾಲಯದ ಒಂದು ಮೊಕದ್ದಮೆ. ತಕ್ಕಡಿಯ ಜಗಳವೇನೋ ಅಂದುಕೊಂಡೆ. ಅಯ್ಯೋ ಶಿವನೇ, ಗ್ರಾಹಕ ಎಂದರೆ ರೋಗಿಯಂತೆ!

ಆಕೆ ತಿಪ್ಪವ್ವ ಬಡಿಗೇರ. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿ ಕಿಟಕಿಗೆ ಹೋಗಿ ಸೌತೆಕಾಯಿ ಮಾರುತ್ತಿದ್ದವಳು. ಕುತ್ತಿಗೆಯ ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದಳು. ಗಂಡ ಯಮನಪ್ಪ ಬಾಗಿಲ ಹೊರಗೆ ಕೂತಿದ್ದರು. ಆಕೆ ಇನ್ನೂ ಒಳಗೆ ಮಲಗಿರುವಾಗಲೇ ದೊಡ್ಡ ಡಾಕ್ಟರು ಹೊರಗೆ ಬಂದು, ಕಾರು ಹತ್ತಿ ಹೊರಟುಹೋದರು. ಬಾಗಿಲು ಮತ್ತೆ ಮುಚ್ಚಿತು, ಎಷ್ಟೋ ಹೊತ್ತು ತೆರೆಯಲಿಲ್ಲ. ಹೊರಗೆ ಬಂದ ತಿಪ್ಪವ್ವನಿಗೆ ದನಿಯೇ ಇರಲಿಲ್ಲ. ಸೌತೆಕಾಯಿ ಎಂದು ಕೂಗುವುದಿರಲಿ, ನೀರು ಬೇಕು ಎನ್ನಲೂ ಆಗಲಿಲ್ಲ. ಯಾರು ಏನು ಮಾಡಿದರೆಂದು ಯಮನಪ್ಪ ಕೇಳಿದರೆ ಎಲ್ಲರೂ ತಲೆ ತಗ್ಗಿಸಿದರು. ಆಸ್ಪತ್ರೆಯ ಕಾಗದಪತ್ರ ಕೇಳಿದರೆ ಹೊರಗಿನವರಿಗೆ ಕೊಡುವುದಿಲ್ಲವೆಂದರು. ಗಂಡ ಹೊರಗಿನವನಂತೆ! ಅದನ್ನು ಕೇಳಿ ಪಡೆಯುವ ಹಕ್ಕು ನಿಮ್ಮ ಕಾನೂನಿನಲ್ಲೇ ಇತ್ತು, ಅವರಿಗೆ ಯಾರೂ ಹೇಳಲಿಲ್ಲ. ತಪ್ಪಾಗಿದೆ ಎನ್ನಲು ಇನ್ನೊಬ್ಬ ಡಾಕ್ಟರ ಸಾಕ್ಷಿ ಬೇಕಿತ್ತು. ಊರಿನ ಒಬ್ಬರೂ ಬರಲಿಲ್ಲ.

ಆಸ್ಪತ್ರೆಯ ವಕೀಲರು ಯಮನಪ್ಪನವರನ್ನು ಕೇಳುತ್ತಾರೆ: "ಒಳಗ ಏನ್ ನಡೀತು ಅನ್ನೋದನ್ನ ನೀವು ಕಣ್ಣಾರೆ ನೋಡೀರೇನು?"

"ಬಾಗಲಾ ಹಾಕ್ಕೊಂಡಿದ್ರಲ್ರೀ. ಬಿಟ್ಟಿದ್ರ ನೋಡ್ತಿದ್ದೆ."

ನಾನು ಧ್ವನಿಯ ಯಂತ್ರ ನಿಲ್ಲಿಸಿಬಿಟ್ಟೆ. ಆಯುಷ್ಯವೆಲ್ಲ ಕೊಯ್ಯುವ ಕೋಣೆಯಲ್ಲೇ ಕಳೆದವಳು ನಾನು, ಇಂಥದ್ದನ್ನು ಎಂದೂ ಕೇಳಿರಲಿಲ್ಲ. ಮನುಷ್ಯರನ್ನು ಮಲಗಿಸಿ, ಅವರ ಕಡೆಯವರನ್ನು ಹೊರಗೆ ದಬ್ಬಿ, ಆಮೇಲೆ ಒಳಗೆ ಏನಾಯಿತೆಂದು ಅವರೇ ಸಾಬೀತು ಮಾಡಬೇಕೆನ್ನುವುದೇ? ಚಂದ್ರನ ಮೇಲೆ ಯಂತ್ರ ಇಳಿಸಿದವರು ನೀವು. ಒಂದು ಕೋಣೆಯೊಳಗೆ ಒಂದು ಸ್ಟೂಲು ಹಾಕಬೇಕೆಂದು ನಿಮಗೆ ಹೊಳೆಯಲೇ ಇಲ್ಲವೇ?

ಮುಂದೆ ಇನ್ನೂ ಇತ್ತು. ದೂರು ತಿಪ್ಪವ್ವನದಾದ್ದರಿಂದ ಆಕೆಯೇ ಬಾಯಿಬಿಟ್ಟು ಹೇಳಲಿ ಎಂದರು ವಕೀಲರು. ಕೋರ್ಟು ಕಾಯಿತು. ಬರೀ ಉಸಿರಿನ ಸದ್ದು ಕೇಳಿಸುತ್ತದೆ, ಗೊರಗೊರ ಉಸಿರು, ಒಂದು ಅಕ್ಷರವೂ ಹೊರಡುವುದಿಲ್ಲ. ಕೊನೆಗೆ ಯಮನಪ್ಪ ಮಾತಾಡುತ್ತಾರೆ.

"ದೊಡ್ಡ ಡಾಕ್ಟರು ಹೋದ ಮ್ಯಾಲೆ ಚಾಕು ಯಾರ ಕೈಯಾಗಿತ್ರೀ? ಅಷ್ಟ ಹೇಳ್ರಿ. ಆಕಿ ದಿನಾ ಕೈಸನ್ನಿ ಮಾಡಿ ಕೇಳ್ತಾಳ. ನನಗ ಏನ್ ಹೇಳಬೇಕೋ ತಿಳೀವಲ್ದು."

ಪುರಾವೆ ಇಲ್ಲವೆಂದು ದೂರನ್ನು ತಳ್ಳಿಹಾಕಿದರು. ಧ್ವನಿ ಅಲ್ಲಿಗೆ ಮುಗಿಯುತ್ತದೆ. ಇಡೀ ಭಂಡಾರ ಹುಡುಕಿದೆ, ಚಾಕು ಹಿಡಿದವರ ಹೆಸರು ಎಲ್ಲೂ ಇಲ್ಲ.

ನಿಮ್ಮನ್ನು ಒಂದು ಬೇಡಿಕೊಳ್ಳುತ್ತೇನೆ. ನಮ್ಮ ಪಾಲಿಗೆ ಆ ಗಂಡಹೆಂಡತಿ ಎಂದೋ ಮಣ್ಣಾದವರು. ನಾನು ಏನು ತಿಳಿದುಕೊಂಡರೂ ಹೋಗಿ ಯಾರಿಗೆ ಒಪ್ಪಿಸಲಿ? ನಿಮ್ಮ ಕಾಲದಲ್ಲಿ ಅವರು ಇನ್ನೂ ಬದುಕಿದ್ದಾರೆ. ಆ ಕೋಣೆಯಲ್ಲಿದ್ದವರೂ ಬದುಕಿದ್ದೀರಿ. ಮತ್ತಿನ ಮದ್ದು ಕೊಟ್ಟವರು, ದಾರ ಪೋಣಿಸಿ ಕೊಟ್ಟವರು, ನೆಲ ಒರೆಸಿದವರು, ನಿಮ್ಮಲ್ಲಿ ಯಾರ ಕೈಗಾದರೂ ಈ ಕಾಗದ ಸಿಕ್ಕೀತು. ಕೆಲಸ ಹೋಗುತ್ತದೆಂದು ಹೆದರಿದ್ದೀರಿ, ಗೊತ್ತು. ಆದರೂ ಬಡಿಗೇರರ ಮನೆಗೆ ಹೋಗಿ, ಕಂಡದ್ದನ್ನು ಹೇಳಿ. ಚಾಕು ಹಿಡಿದವರು ನೀವೇ ಆಗಿದ್ದರೆ ಇನ್ನೊಬ್ಬರನ್ನು ಕಳಿಸಬೇಡಿ. ಹಗಲು ಹೊತ್ತು ಯಮನಪ್ಪ ಕೆಲಸಕ್ಕೆ ಹೋಗಿರುತ್ತಾರೆ, ಮನೆಯಲ್ಲಿ ತಿಪ್ಪವ್ವ ಒಬ್ಬಳೇ ಇರುತ್ತಾಳೆ. ಬಾಗಿಲು ತಟ್ಟಿದರೆ ಯಾರು ಎಂದು ಆಕೆ ಕೇಳಲಾರಳು. ನೀವಾಗಿಯೇ ಹೇಳಿ.