ಕಾಲಿಗೆ ಹತ್ತಿದ್ದು ಬಣ್ಣವಲ್ಲ

ಇಳಕಲ್, ಫೆಬ್ರವರಿ ಮೂವತ್ತು, ೨೨೧೯

ನನ್ನ ಅಜ್ಜಿಯ ಅಜ್ಜಿಗೆ ಅಜ್ಜಿಯಾದ ಸಂಕವ್ವನವರಿಗೆ ತಾರವ್ವನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ಕೈಸೇರುವಾಗ ನಿಮಗೆ ಐವತ್ತಾರು, ಬರೆಯುವ ನನಗೆ ಎಪ್ಪತ್ತೊಂದು. ವಯಸ್ಸಿನಲ್ಲಿ ನಾನೇ ಹಿರಿಯಳಾದ್ದರಿಂದ ಎರಡು ಮಾತು ಗದರಿದರೆ ಬೇಸರ ಮಾಡಿಕೊಳ್ಳಬೇಡಿ.

ನಾವು ಸುಖವಾಗಿದ್ದೇವೆ. ಊರಲ್ಲಿ ಮಗ್ಗ ಇನ್ನೂ ನಡೆಯುತ್ತಿದೆ. ನಾವು ನೇಯುವುದು ಬಿಸಿಲುಸೀರೆ, ಅಂದರೆ ಬೀದಿಯ ಮೇಲೆ ಚಪ್ಪರದಂತೆ ಕಟ್ಟುವ, ಬಿಸಿಲು ಹೀರಿ ಮನೆಗಳಿಗೆ ದೀಪ ಕೊಡುವ ಬಟ್ಟೆ. ಅದರ ಅಂಚು ಮಾತ್ರ ಕೆಂಪೇ ಇರಬೇಕೆಂದು ನಮ್ಮ ಹೆಂಗಸರ ಹಟ. ಮಧ್ಯಾಹ್ನ ಅದರ ಕೆಳಗೆ ಕೂತು ರೊಟ್ಟಿ, ಪುಂಡಿಪಲ್ಯ ಉಂಡು ಅಲ್ಲೇ ಅಡ್ಡಾಗುತ್ತೇವೆ. ಕೂಸಿಗೆ ಹೆಸರಿಡುವ ದಿನ ತೊಟ್ಟಿಲ ಮುಂದೆ ‘ಮೈಕಥೆ’ ಓದುವುದು ನಮ್ಮ ಪದ್ಧತಿ. ಅದು ಮನೆತನದ ಹಿರಿಯರಿಗೆ ಬಂದ ಕಾಯಿಲೆಗಳ ದಫ್ತರ. ನಾಳೆ ನನ್ನ ಮೊಮ್ಮಗಳಿಗೆ ಹೆಸರಿಡುತ್ತಾರೆ, ಓದುವವಳು ನಾನು. ಅಭ್ಯಾಸಕ್ಕೆಂದು ತೆರೆದಾಗ ನಿಮ್ಮ ಪುಟ ಸಿಕ್ಕಿತು.

ನಿಮ್ಮ ಮಗಳು ನೀಲಮ್ಮ ಬರೆದಿಟ್ಟದ್ದು. ಕಾಲ ಮೇಲೆ ಕೆಂಪು-ನೇರಳೆ ಚುಕ್ಕೆಗಳೆದ್ದಾಗ ನೀವು, ‘ಬಣ್ಣ ಹತ್ತೇತಿ, ತೊಳಕೊಂಡ್ರ ಹೋಗತೈತಿ’ ಅಂದಿರಂತೆ. ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಯಾರಿಗೆ ತಾನೇ ಅನುಮಾನ ಬಂದೀತು? ಸಾಬೂನು ಹಚ್ಚಿ ತಿಕ್ಕಿದ್ದೇ ತಿಕ್ಕಿದ್ದು. ಕೀಲುನೋವಿಗೆ ಒಬ್ಬ ಡಾಕ್ಟರು, ಒಣಗಿದ ಬಾಯಿಗೆ ಇನ್ನೊಬ್ಬರು, ಉರಿಯುವ ಕಣ್ಣಿಗೆ ಮತ್ತೊಬ್ಬರು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಯಾರೂ ಬರೆಯಲಿಲ್ಲ.

ಸಂಕವ್ವ, ಅದು ಬಣ್ಣವಲ್ಲ. ನೀಲಮ್ಮನ ಹೆರಿಗೆಯಲ್ಲಿ ನಿಮಗೆ ಏರಿಸಿದ ರಕ್ತದ ಜೊತೆ ಹೆಪಟೈಟಿಸ್ ಸಿ ವೈರಾಣು ಬಂದಿತ್ತು. ಅದನ್ನು ಹುಡುಕುವ ಪರೀಕ್ಷೆ ಆಗಿನ್ನೂ ಇರಲಿಲ್ಲ. ಯಕೃತ್ತಿನಲ್ಲಿ ಅದು ಸದ್ದಿಲ್ಲದೆ ಕೂತಿದೆ. ಅದರೊಡನೆ ವರ್ಷಗಟ್ಟಲೆ ಕಾದಾಡಿದ ನಿಮ್ಮ ದೇಹದ ಕಾವಲುಪಡೆ ದಾರಿ ತಪ್ಪಿ ನಿಮ್ಮದೇ ರಕ್ತನಾಳ, ಕೀಲು, ಜೊಲ್ಲಿನ ಗ್ರಂಥಿಗಳ ಮೇಲೆ ಬಿದ್ದಿದೆ. ಮುಂದಿನ ಸರದಿ ಮೂತ್ರಪಿಂಡದ್ದು. ನಿಮ್ಮ ಪುಟ ನಿಮ್ಮ ಐವತ್ತೊಂಬತ್ತನೇ ವಯಸ್ಸಿಗೇ ನಿಂತಿದೆ. ಓದಿ ನನಗೆ ಅಳು ತಡೆಯಲಾಗಲಿಲ್ಲ.

ಒಂದೇ ಬೇಡಿಕೆ. ಈ ವೈರಾಣುವಿನ ರಕ್ತಪರೀಕ್ಷೆ ಮಾಡಿಸಿ. ಮೂರು ತಿಂಗಳ ಮಾತ್ರೆ ನಿಮ್ಮ ಕಾಲದಲ್ಲೇ ಇದೆ. ಬಾಯಿ ಒಣಗುವುದು ಪೂರ್ತಿ ಹೋಗದಿರಬಹುದು, ಆದರೆ ಮೂತ್ರಪಿಂಡ ಉಳಿದೀತು. ಬರುವ ವರ್ಷ ನೀಲಮ್ಮನಿಗೆ ಮಗಳು ಹುಟ್ಟುತ್ತಾಳೆ. ನಿಮ್ಮ ಮುಖ ನೆನಪಿಲ್ಲದೆಯೇ ಅವಳು ಬೆಳೆದಳೆಂದು ಇಲ್ಲಿ ಬರೆದಿದೆ. ನೀವು ಬದುಕಿದರೆ ಮೈಕಥೆಯ ಈ ಬರಹ ಅಳಿಸಿಹೋಗುತ್ತದೆ, ಅದನ್ನು ಓದಿ ನಿಮಗೆ ಪತ್ರ ಬರೆದದ್ದೂ ನನಗೆ ಮರೆತುಹೋಗುತ್ತದೆ. ಮರೆಯಲಿ ಬಿಡಿ. ಆ ಕೂಸಿಗೆ ನೀವು ನೆನಪಿದ್ದರೆ ಸಾಕು.