ತಾವು ಮೆಚ್ಚಿ ಕುಡಿದ ನೀರಿನ ವಿಷಯ

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ನಾನೊಬ್ಬ ಅಪರಾಧಿ. ಸರಕಾರದ ಸಂಬಳ ತಿನ್ನುವವನಾಗಿ, ಪದವೀಧರನಾಗಿ, ಮೇಲಾಗಿ ‘ಸತ್ಯವನ್ನೇ ನುಡಿಯಿರಿ’ ಎಂದು ಕರಿಹಲಗೆಯ ಮೇಲೆ ದಿನಾ ಬರೆಯುವವನಾಗಿ, ಕಳೆದ ಕಾರ್ತಿಕದಲ್ಲಿ ತಾವು ನಮ್ಮ ಶಾಲೆಯ ತನಿಖೆಗೆ ಚಿತ್ತೈಸಿದಾಗ ನಾನು ತಮಗೆ ಒಂದು ಲೋಟ ಒಳ್ಳೆಯ ನೀರು ಕೊಟ್ಟೆ. ತಾವು ಇನ್ನೊಂದು ಲೋಟ ಕೇಳಿದಿರಿ. ಅದನ್ನೂ ಕೊಟ್ಟೆ. ಹೀಗೆ ಅಪರಾಧವು ಹಾಡಹಗಲೇ, ಸಾಕ್ಷಿಗಳಾದ ಐದನೆಯ ತರಗತಿಯ ಮಕ್ಕಳೆದುರಿಗೆ, ಎರಡು ಬಾರಿ ನಡೆಯಿತು. ತಪ್ಪೊಪ್ಪಿಗೆಯನ್ನು ಪತ್ರಿಕೆಯ ಮೂಲಕ ಸಲ್ಲಿಸುತ್ತಿದ್ದೇನೆ. ಏಕೆಂದರೆ ಅಂಚೆಯ ಮೂಲಕ ಸಲ್ಲಿಸಿದ ಸಮಜಾಯಿಷಿ ತಮ್ಮ ಕಚೇರಿಯಲ್ಲಿ ಎಲ್ಲಿ ಇಂಗಿತೆಂದು ತಿಳಿಯಲಿಲ್ಲ.

ಒಳ್ಳೆಯ ನೀರು ಕೊಡುವುದು ಅಪರಾಧ ಹೇಗಾದೀತು ಎಂದು ಓದುಗರು ಕೇಳಬಹುದು. ಆ ನೀರು ನಮ್ಮ ಶಾಲೆಯದ್ದಲ್ಲ, ಅದಕ್ಕೆ. ತಾವು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ವರದಿಯಲ್ಲಿ ಹೀಗೆ ಬರೆದಿರಿ: ‘ಶಾಲೆಯ ಕುಡಿಯುವ ನೀರು ಅತ್ಯುತ್ತಮವಾಗಿದೆ. ನಾನೇ ಕುಡಿದು ನೋಡಿದ್ದೇನೆ.’ ಅದರ ಬೆನ್ನಿಗೇ ನಮ್ಮ ಬಾವಿಯ ಅರ್ಜಿ ಮರಳಿ ಬಂತು. ಉತ್ತಮ ನೀರಿನ ಸೌಕರ್ಯ ಇರುವುದರಿಂದ ಬಾವಿಗೆ ಅಪ್ಪಣೆ ಕೊಡುವ ಅಗತ್ಯ ಕಾಣುವುದಿಲ್ಲವಂತೆ. ತಾವು ಎರಡು ಲೋಟ ಕುಡಿದಿರಿ. ನಮ್ಮ ಇಡೀ ಬಾವಿ ಬತ್ತಿತು. ಇನ್ನೂ ತೋಡದ ಬಾವಿಯನ್ನು ಬತ್ತಿಸಿದ ಕೀರ್ತಿ ಅಗಸ್ತ್ಯರಿಗೂ ಇಲ್ಲ.

ಆ ಅರ್ಜಿಯೂ ಸಾಮಾನ್ಯದ್ದಲ್ಲ ಸ್ವಾಮೀ, ದೇಶ ಸುತ್ತಿದ್ದು. ನಾವು ಅದನ್ನು ಕಳಿಸಿದಾಗ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅರ್ಜಿ ಮದ್ರಾಸು ಮುಟ್ಟುವಷ್ಟರಲ್ಲಿ ನಾವೇ ಮೈಸೂರಿಗೆ ಬಂದುಬಿಟ್ಟೆವು. ಪೆರಾಬೆಯ ಆಚೆಯ ನಮ್ಮ ಶಾಲೆ ಮಾತ್ರ ಇದ್ದಲ್ಲೇ ಇತ್ತು. ಅದರ ಪಕ್ಕದ ತೋಡೂ ಹರಿಯುತ್ತಿದ್ದಲ್ಲೇ ಹರಿಯುತ್ತಿತ್ತು. ನಾವು ಕೇಳಿದ್ದು ಅನುದಾನವನ್ನೂ ಅಲ್ಲ. ಅಗೆತ, ಕಲ್ಲು, ಕಟ್ಟುವ ಕೂಲಿ ಎಲ್ಲ ನಮ್ಮದೇ ಎಂದು ಊರವರು ಹೇಳಿದ್ದಾರೆ. ಆದರೆ ಶಾಲೆಯ ಅಂಗಳ ಸರಕಾರದ್ದು; ಅದಕ್ಕೆ ಗುದ್ದಲಿ ತಾಗಿಸಲು ತಮ್ಮ ಅಪ್ಪಣೆ ಬೇಕು. ಪಕ್ಕದಲ್ಲೇ ತೋಡು, ಆದರೆ ತೋಡಲು ಅಪ್ಪಣೆಯಿಲ್ಲ. ನಮ್ಮ ಸ್ಥಿತಿಯನ್ನು ಕನ್ನಡ ಭಾಷೆಯೇ ನೋಡಿ ನಗುತ್ತಿದೆ.

ಹಾಗಾದರೆ ತಾವು ಕುಡಿದದ್ದು ಏನು? ಶಾಲೆಯ ಮೇಲ್ಗಡೆ ಗುಡ್ಡದ ಬದಿಯಲ್ಲಿ ಆಸ್ಯಮ್ಮ ಎಂಬ ಬ್ಯಾರಿ ಮುಸಲ್ಮಾನ ಹೆಂಗಸಿನ ಮನೆ ಇದೆ. ಅವರ ಅಜ್ಜನ ಕಾಲದಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆಸಿದ ಸುರಂಗವೊಂದು ಮನೆಯ ಹಿಂದೆ ಇದೆ. ಅದರೊಳಗಿಂದ ನೂಲಿನೆಳೆಯಂತೆ ನೀರು ಬಂದು ಒಂದು ಪುಟ್ಟ ತೊಟ್ಟಿಯಲ್ಲಿ ನಿಲ್ಲುತ್ತದೆ. ಮೂರು ಮನೆಗಳು ಅದರಿಂದ ಬದುಕುತ್ತವೆ. ಶಾಲೆಯ ಮಕ್ಕಳೆಲ್ಲ ಹೋಗಿ ಬಾಯಿಟ್ಟರೆ ಅರ್ಧ ತರಗತಿಗೂ ಸಾಲದು. ಅಲ್ಲದೆ ಕೆಲವು ಮನೆಗಳ ಮಕ್ಕಳಿಗೆ ಆಸ್ಯಮ್ಮನ ನೀರು ಆಗುವುದಿಲ್ಲವೆಂದು ಹಿರಿಯರ ಕಟ್ಟಪ್ಪಣೆ ಬೇರೆ. ತೋಡಿನ ನೀರಿಗೆ ಆ ದೋಷವಿಲ್ಲ. ಅದು ಎಲ್ಲ ಜಾತಿಯವರ ಎಮ್ಮೆಗಳನ್ನೂ ಸರಿಸಮಾನವಾಗಿ ಮೀಯಿಸಿಕೊಂಡೇ ನಮ್ಮಲ್ಲಿಗೆ ಬರುತ್ತದೆ.

ನಮ್ಮ ಕಡೆಯ ಪದ್ಧತಿ ತಮಗೆ ಗೊತ್ತು. ಜಗಲಿಗೆ ಬಂದವರು ಯಾರೇ ಆಗಲಿ, ಮೊದಲು ಬೆಲ್ಲ, ನೀರು. ಹೆಸರು, ಬಂದ ಕೆಲಸ ಕೇಳುವುದು ಆಮೇಲೆ. ಅಂದು ತಮ್ಮ ಜೀಪು ಗುಡ್ಡದಾಚೆಯೇ ನಿಂತು, ತಾವು ಬಿಸಿಲಲ್ಲಿ ನಡೆದು ಬಂದು ನನ್ನ ಕುರ್ಚಿಯಲ್ಲಿ ಕುಳಿತಿರಿ. ನಾನು ಯೋಚನೆಯನ್ನೇ ಮಾಡಲಿಲ್ಲ. ಕೈ ತಾನಾಗಿ ಆಸ್ಯಮ್ಮನ ಮನೆಯತ್ತ ಸನ್ನೆ ಮಾಡಿತು. ಅವರು ಫಳಫಳ ಬೆಳಗಿದ ತಾಮ್ರದ ಚೆಂಬಿನಲ್ಲಿ ತುಂಬಿ ಕಳಿಸಿದರು. ಶಾಲೆಯ ಮಾನ ಉಳಿಯಿತೆಂದು ನಾನು ಹಿಗ್ಗಿದೆ. ಮಾನ ಉಳಿಸುವ ಭರದಲ್ಲಿ ಮಕ್ಕಳ ಬಾವಿ ಕಳೆಯಿತೆಂದು ಗೊತ್ತಾದದ್ದು ಅರ್ಜಿ ಮರಳಿ ಬಂದ ಮೇಲೆ.

ಇಷ್ಟೇ ಆಗಿದ್ದರೆ ನಾನೂ ಊರಿನ ಎಲ್ಲರಂತೆ ಸುಮ್ಮನಿರುತ್ತಿದ್ದೆ. ಆದರೆ ಅದೇ ಹೊತ್ತಿಗೆ ತಮ್ಮ ಸುತ್ತೋಲೆ ಬಂತು. ಸುತ್ತಿಕೊಂಡು ಬಂದರೂ ಬಂದದ್ದು ನೇರ ನನ್ನ ತಲೆಯ ಮೇಲೆಯೇ. ಸಿಹಿನೀರಿನ ಆಕರಗಳು, ಜಲಾನಯನ ಪ್ರದೇಶ, ನೀರು ಮಲಿನವಾಗುವ ಬಗೆ, ಇವುಗಳನ್ನು ಪುಸ್ತಕದಿಂದಲ್ಲ, ಸ್ಥಳೀಯ ನಿದರ್ಶನಗಳಿಂದ ಕಲಿಸಬೇಕೆಂದು ಅದರಲ್ಲಿತ್ತು. ನಾನು ಅದನ್ನು ಓದಿ ತಮ್ಮನ್ನು ಮನಸಾರೆ ಹೊಗಳಿದೆ. ಸ್ಥಳೀಯ ನಿದರ್ಶನಕ್ಕೆ ನಮ್ಮಲ್ಲಿ ಬರವೇ?

ಜಲಾನಯನ ಎಂದು ಹಲಗೆಯ ಮೇಲೆ ಬರೆದೊಡನೆ ಐದನೆಯ ತರಗತಿಯ ಸೇವಂತಿ ಎದ್ದು, ಅದು ಕಣ್ಣೀರಾ ಮಾಷ್ಟ್ರೆ ಎಂದು ಕೇಳಿದಳು. ಅಲ್ಲ ಎಂದು ನಾನು ಆಗ ಧೈರ್ಯವಾಗಿಯೇ ಹೇಳಿದೆ. ಒಂದು ಅಡಿಕೆ ಹಾಳೆಯನ್ನು ನಡುವೆ ಮಡಚಿ, ಮಗುಚಿ ಇಟ್ಟು, ಮಡಿಕೆಯ ಏಣಿನ ಮೇಲೆ ನೀರು ಹೊಯ್ದು ತೋರಿಸಿದೆ. ಈ ಬದಿಗೆ ಬಿದ್ದ ಹನಿ ಈ ಬದಿಗೇ, ಆ ಬದಿಯದ್ದು ಆ ಬದಿಗೆ. ಈ ಬದಿಯ ಹನಿಗಳೆಲ್ಲ ಕೂಡಿ ಎಲ್ಲಿಗೆ ಇಳಿಯುತ್ತವೋ ಅಷ್ಟೂ ಜಾಗ ಆ ತೋಡಿನ ಜಲಾನಯನ. ಮರುದಿನ ಮಕ್ಕಳನ್ನು ಕರೆದುಕೊಂಡು ಗುಡ್ಡದ ನೆತ್ತಿಯ ಬಯಲಾದ ಪದವು ಹತ್ತಿ, ಗುಡ್ಡದ ಏಣಿನ ಮೇಲೆ ಸಾಲಾಗಿ ನಿಲ್ಲಿಸಿದೆ. ನಮ್ಮ ತೋಡು ಕೆಳಗೆ ಹೊಳೆ ಸೇರಿ, ಹೊಳೆ ಕುಮಾರಧಾರೆ ಸೇರಿ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುವುದನ್ನು ಬೆರಳು ಮಾಡಿ ತೋರಿಸಿದೆ. ಅಲ್ಲಿಯವರೆಗೆ ಪಾಠ ಬಹಳ ಸುಂದರವಾಗಿತ್ತು. ಇಳಿಯುವಾಗ ಕೆಟ್ಟಿತು.

ಏಕೆಂದರೆ ತೋಡಿನ ಜತೆಗೇ ಇಳಿದೆವು. ಮೊದಲು ಎಮ್ಮೆಗಳು ಸಿಕ್ಕವು, ಕುತ್ತಿಗೆಯವರೆಗೆ ಮುಳುಗಿ ಋಷಿಗಳಂತೆ ಕಣ್ಣು ಮುಚ್ಚಿ ನಿಂತಿದ್ದವು. ಆಮೇಲೆ ಹಗ್ಗ ಹೊಸೆಯಲೆಂದು ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಸುವ ಗುಂಡಿ. ಮಕ್ಕಳು ಮೂಗು ಮುಚ್ಚಿ ದಾಟಿದರು. ಆಮೇಲೆ ಬಟ್ಟೆ ಒಗೆಯುವ ಕಲ್ಲು. ಆಮೇಲೆ ಸೇವಂತಿಯ ಅಪ್ಪ ದೇರಣ್ಣನ ತೋಟದ ಬದಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಿನ ಮದ್ದಿನ ಬ್ಯಾರಲು ಅಲ್ಲಿ ಮಗುಚಿ ಬಿದ್ದಿತ್ತು, ಸುತ್ತಲಿನ ಕಲ್ಲುಗಳೆಲ್ಲ ನವಿಲು ಬಣ್ಣ. ಆಮೇಲೆ ಕಟ್ಟ. ಮಳೆ ನಿಂತ ಮೇಲೆ ತೋಟದವರೆಲ್ಲ ಸೇರಿ ಕಲ್ಲು ಮಣ್ಣಿನಿಂದ ತೋಡಿಗೆ ಅಡ್ಡ ಕಟ್ಟಿ ನೀರನ್ನು ತೋಟಕ್ಕೆ ತಿರುಗಿಸುತ್ತಾರೆ. ಹಾಗೆ ತಿರುಗಿಸಿದ ಮೇಲೆ ಕಟ್ಟದ ಸಂದಿನಿಂದ ಒಸರುವುದಷ್ಟೇ ಕೆಳಗಿಳಿಯುತ್ತದೆ. ಆ ಒಸರು ನಿಲ್ಲುವ ಗುಂಡಿಯೇ ನಮ್ಮ ಶಾಲೆಯ ಕುಡಿಯುವ ನೀರಿನ ಗುಂಡಿ. ಮಕ್ಕಳು ಶಾಲೆಗೆ ಬಂದು ನೆಲದ ಮೇಲೆ ಇದ್ದಿಲಿನಲ್ಲಿ ತೋಡಿನ ನಕ್ಷೆ ಬರೆದರು. ಸೇವಂತಿ ಶಾಲೆಯ ನೀರಿನ ಕೊಡಪಾನವನ್ನು ಎತ್ತಿ ತಂದು ನಕ್ಷೆಯ ತುದಿಯಲ್ಲಿ ಇಟ್ಟಳು.

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಪುಸ್ತಕದಲ್ಲಿದೆ. ಆ ಪುಟವನ್ನು ನಾನು ಅಂದಿನಿಂದ ಪದ್ಯವೆಂದು ಕಲಿಸುತ್ತಿದ್ದೇನೆ.

ಮರುದಿನ ದೇರಣ್ಣ ಶಾಲೆಗೆ ಬಂದರು. ಊರಿನಲ್ಲಿ ಕಟ್ಟ ಕಟ್ಟಿಸುವ ಹಿರಿತನ ಅವರದ್ದು, ಕಟ್ಟಿದ ಮಾತಾಡುವವರಲ್ಲ. “ತೋಡಿನಲ್ಲಿ ಎಮ್ಮೆ ಮೀಯಿಸಬಾರದಂತೆ. ಮತ್ತೆ ಎಲ್ಲಿ ಮೀಯಿಸುದು ಮಾಷ್ಟ್ರೆ, ನಿಮ್ಮ ಆಫೀಸು ರೂಮಿನಲ್ಲಾ?” ಎಂದು ಕೇಳಿದರು. ಎಮ್ಮೆಗಳನ್ನು ದಾಖಲು ಮಾಡಿಕೊಳ್ಳಲು ವಯಸ್ಸಿನ ಸರ್ಟಿಫಿಕೇಟು ಬೇಕಾಗುತ್ತದೆ ಎಂದೆ. ನಗಬಹುದೆಂದುಕೊಂಡೆ, ನಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಸ್ವರ ತಗ್ಗಿಸಿದರು. “ಊಟಕ್ಕೆ ಕೂತವನ ಎದುರು ನಿಂತು ಮಗಳು ಕೇಳ್ತಾಳೆ, ಅಪ್ಪಾ, ಬ್ಯಾರಲು ತೊಳೆದ ನೀರು ಎಲ್ಲಿಗೆ ಹೋಗುದು ಅಂತ. ಎಂತ ಹೇಳುದು ಮಾರಾಯ್ರೆ? ಕೆಳಗೆ ಹೋಗ್ತದೆ ಅಂದೆ. ಕೆಳಗೆ ನಾನಲ್ವಾ ಇರುದು ಅಂದಳು.”

ದೇರಣ್ಣ ಬ್ಯಾರಲನ್ನು ಮೇಲಕ್ಕೆ ಎತ್ತಿ ಇಟ್ಟರು. ಅದು ನಿಜ. ಆದರೆ ಎಮ್ಮೆ ಅವರೊಬ್ಬರದ್ದಲ್ಲ, ಸಿಪ್ಪೆಯ ಗುಂಡಿ ಅವರದ್ದಲ್ಲ, ಕಟ್ಟ ಒಡೆದರೆ ಹತ್ತು ಮನೆಯ ತೋಟ ಒಣಗುತ್ತದೆ. ಇದರಲ್ಲಿ ಕೆಟ್ಟವರು ಯಾರೆಂದು ನಾನು ಬಹಳ ಹುಡುಕಿದೆ, ಯಾರೂ ಸಿಗಲಿಲ್ಲ. ಎಲ್ಲರೂ ಅವರವರ ನೀರಿನಲ್ಲಿ ಅವರವರ ಕೆಲಸ ಮಾಡುವವರೇ, ಎಲ್ಲರಿಗೂ ಒಬ್ಬ ಕೆಳಗಿನವನಿದ್ದಾನೆ. ನಮಗಿಂತ ಕೆಳಗೆ ಮಾತ್ರ ಮಕ್ಕಳ ಹೊಟ್ಟೆ. ಅದಕ್ಕೇ ಬಾವಿ ಕೇಳಿದ್ದು.

ಮಕರ ಸಂಕ್ರಾಂತಿ ಕಳೆದು ಸೇವಂತಿಗೆ ಜ್ವರ ಬಂತು. ವಿಷಮಜ್ವರವೆಂದು ಪುತ್ತೂರಿನ ವೈದ್ಯರು ಹೇಳಿದರು. ಆ ನೀರಿನಿಂದಲೇ ಬಂತೆಂದು ನಾನು ಪ್ರಮಾಣ ಮಾಡಲಾರೆ. ನಮ್ಮ ವಿಜ್ಞಾನದ ಪೆಟ್ಟಿಗೆಯಲ್ಲಿ ಸೂಕ್ಷ್ಮದರ್ಶಕ ಇರಬೇಕಾದಲ್ಲಿ ಗೆದ್ದಲಿನ ಸಂಸಾರವೊಂದು ಸುಖವಾಗಿದೆ. ಹುಡುಗಿ ಬದುಕಿ ಬಂದಳು, ಅಷ್ಟು ಸಾಕು. ಕೂದಲೆಲ್ಲ ಉದುರಿ ತಲೆಗೊಂದು ಬಟ್ಟೆ ಕಟ್ಟಿಕೊಂಡು ಈ ತಿಂಗಳು ಶಾಲೆಗೆ ಬಂದಳು. ಶಾಲೆಯಲ್ಲಿ ಒಂದು ಗುಟುಕು ನೀರು ಕುಡಿದರೆ ಮರುದಿನದಿಂದ ಮನೆಯಲ್ಲೇ ಎಂದು ದೇರಣ್ಣ ಹೇಳಿ ಕಳಿಸಿದ್ದಾರೆ. ಅವಳಿಗೆ ಶಾಲೆ ಬಿಡುವ ಮನಸ್ಸಿಲ್ಲ. ಮನೆಯಿಂದ ತರುವ ಸಣ್ಣ ಬಾಟ್ಲಿಯ ನೀರು ಮಧ್ಯಾಹ್ನದ ಮೊದಲೇ ಮುಗಿಯುತ್ತದೆ. ಆಮೇಲೆ ಈ ಬಿಸಿಲಲ್ಲಿ ಒಣಗಿದ ತುಟಿಯನ್ನು ನೆಕ್ಕಿಕೊಳ್ಳುತ್ತಾ ನದಿಗಳ ಹೆಸರು ಬಾಯಿಪಾಠ ಮಾಡುತ್ತಾಳೆ. ಕೇಳುವವನು ನಾನು.

ನಾನು ತಮಗೆ ಮತ್ತೆ ಬರೆದೆ. ನೀರನ್ನು ಕುದಿಸಿ, ಆರಿಸಿ ಕೊಡತಕ್ಕದ್ದು ಎಂದು ಉತ್ತರ ಬಂತು. ಕುದಿಸಿದೆವು. ಇರುವ ಒಂದು ಪಾತ್ರೆಯ ನೀರು ಆರುವಷ್ಟರಲ್ಲಿ ಮಕ್ಕಳು ಗುಂಡಿಗೆ ಓಡಿರುತ್ತಾರೆ. ಮೈಲುತುತ್ತು ಕುದಿಸಿದರೆ ಹೋಗುತ್ತದೆಯೇ ಎಂದು ಕೇಳಿ ಇನ್ನೊಂದು ಬರೆದೆ. ಆಗ ತಮ್ಮ ಕಚೇರಿ ಕೇಳಿದ ಪ್ರಶ್ನೆ ತರ್ಕಶಾಸ್ತ್ರದ ದೃಷ್ಟಿಯಿಂದ ಉತ್ತಮವಾದದ್ದು. ಅಧಿಕಾರಿಗಳು ಸ್ವತಃ ಕುಡಿದ ನೀರು ಉತ್ತಮವಾಗಿತ್ತು. ಈಗ ಅದು ಕೆಟ್ಟದ್ದೆನ್ನುವ ತಮ್ಮ ಹೇಳಿಕೆ ಸುಳ್ಳೋ, ಅಂದು ಕೊಟ್ಟ ನೀರು ಸುಳ್ಳೋ? ಸಮಜಾಯಿಷಿ ಕಳಿಸತಕ್ಕದ್ದು. ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರದಲ್ಲಿ ಮೊದಲ ದರ್ಜೆ. ಆದರೂ ನನಗೆ ನೀರಿಳಿಯಿತು. ಮಾನ್ಯರೇ, ನೀರು ಸುಳ್ಳು ಹೇಳುವುದಿಲ್ಲ, ಲೋಟ ಹೇಳುತ್ತದೆ. ತಮ್ಮ ಹುದ್ದೆಯಲ್ಲಿರುವವರಿಗೆ ಈ ತಾಲೂಕಿನಲ್ಲಿ ಯಾರಾದರೂ ಒಮ್ಮೆಯಾದರೂ ಕೆಟ್ಟ ನೀರು ಕೊಟ್ಟಾರೇ? ಸುಳ್ಯದಿಂದ ಪುತ್ತೂರಿನವರೆಗೆ ಯಾವ ಶಾಲೆಗೆ ಹೋದರೂ ತಮಗೆ ಸಿಗುವುದು ಆ ಊರಿನ ಅತ್ಯುತ್ತಮ ನೀರು, ಇಲ್ಲವೇ ಎಳನೀರಿನ ಬೊಂಡ. ಹಾಗಾಗಿ ತಮ್ಮ ವರದಿಗಳಲ್ಲಿ ಈ ಸೀಮೆಯ ತುಂಬ ಅಮೃತವೇ ಹರಿಯುತ್ತಿರಬೇಕು. ಅಲ್ಲಿನ ಮಕ್ಕಳು ಕುಡಿಯುವುದು ಏನೆಂದು ತಿಳಿಯುವ ದಾರಿ ತಮಗೆ ಯಾವುದಿದೆ?

ಆದುದರಿಂದ ನಾನು ನಿಶ್ಚಯ ಮಾಡಿದ್ದೇನೆ. ತಾವು ಇನ್ನೊಮ್ಮೆ ಬನ್ನಿ, ಅಥವಾ ಯಾರನ್ನಾದರೂ ಕಳಿಸಿ. ಈ ಸಲ ಶಾಲೆಯ ಕೊಡಪಾನದಿಂದಲೇ ಒಂದು ಲೋಟ ತುಂಬಿ ಕೈಗಿಡುತ್ತೇನೆ. ಬೆಲ್ಲವೂ ಇಲ್ಲ. ತಾವು ನೋಡಿ, ಮೂಸಿ, ಬೇಕಾದರೆ ಕುಡಿದು, ಆಮೇಲೆ ವರದಿ ಬರೆಯಿರಿ. ಹಾಗೆ ಕೊಡುವಾಗ ನನ್ನ ಕೈ ನಡುಗುವುದಿಲ್ಲ. ಇದನ್ನು ಆಸ್ಯಮ್ಮನಿಗೂ ತಿಳಿಸಿ, ಇನ್ನು ಚೆಂಬು ಕಳಿಸಬೇಡಿ ಎಂದಿದ್ದೇನೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಬಾಯಾರಿ ಬಂದವರಿಗೆ ಅದನ್ನು ಕೊಡ್ಲಿಕ್ಕೆ ನಿಮ್ಮಿಂದ ಆಗುದಿಲ್ಲ ಮಾಷ್ಟ್ರೆ. ನನಗೆ ಗೊತ್ತುಂಟು” ಎಂದರು. ಆಗುತ್ತದೆ ಎಂದೆ.

ಮಾನ್ಯರೇ, ಇಷ್ಟು ಬರೆದು ಪತ್ರವನ್ನು ಮೇಜಿನ ಮೇಲಿಟ್ಟು, ಸಹಿಗೆ ತಕ್ಕ ವಿಶೇಷಣ ಹುಡುಕುತ್ತಿದ್ದೆ. ನಿನ್ನೆ ಮಧ್ಯಾಹ್ನ ತಮ್ಮ ಕಚೇರಿಯ ಸಹಾಯಕರೊಬ್ಬರು ಸ್ಥಳ ಪರಿಶೀಲನೆಗೆ ಬಂದರು. ವಯಸ್ಸಾದವರು. ಕೊಡೆ ಇದ್ದರೂ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಕುರ್ಚಿಯಲ್ಲಿ ಕುಸಿದು ಕುಳಿತು, ಮೊದಲು ಸ್ವಲ್ಪ ನೀರು ಎಂದರು. ನನ್ನ ದಿನ ಬಂತು. ಎಲ್ಲರಿಗೂ ಕೇಳುವಂತೆ, ನಮ್ಮ ಕೊಡಪಾನದಿಂದಲೇ ತಾ ಎಂದು ಸೇವಂತಿಗೆ ಹೇಳಿದೆ. ಅವಳು ತುಂಬಿ ತಂದಳು. ಅವರಿಗೆ ಕೊಡದೆ ನನ್ನ ಪಕ್ಕದಲ್ಲೇ ನಿಂತಳು.

“ಅವರಿಗೂ ಜ್ವರ ಬಂದರೆ, ಮಾಷ್ಟ್ರೆ?”

ನಾನು ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡೆ. ಲೋಟ ನಡುಗುತ್ತಿತ್ತು, ನಡುಗುತ್ತಿದ್ದದ್ದು ಅವಳ ಕೈಯೆಂದು ಮೊದಲು ಅಂದುಕೊಂಡಿದ್ದೆ. ಹೊರಗೆ ಹೋಗಿ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿ ಗುಡ್ಡದ ಕಡೆ ನೋಡಿದೆ. ಆಸ್ಯಮ್ಮ ತಾಮ್ರದ ಚೆಂಬು ಹಿಡಿದು ಆಗಲೇ ಅರ್ಧ ದಾರಿ ಇಳಿದು ಬಂದಿದ್ದರು. ಮೇಲಿನಿಂದ ಕೊಡೆ ಕಂಡಿತಂತೆ. ಚೆಂಬು ಕೊಟ್ಟು ಹಿಂದೆ ಹೋದರು. ಸಹಾಯಕರು ಕುಡಿದು, ಇಷ್ಟು ಒಳ್ಳೆಯ ನೀರು ಪುತ್ತೂರಿನಲ್ಲೂ ಇಲ್ಲ ಎಂದು ಬರೆದುಕೊಂಡರು. ಬೆಲ್ಲವನ್ನೂ ಕೊಟ್ಟೆ.

ಆದ್ದರಿಂದ ಮೇಲಿನ ನನ್ನ ಶಪಥವನ್ನು ಹೊಡೆದು ಹಾಕಿಕೊಂಡು, ಬೇಡಿಕೆಯನ್ನಷ್ಟೇ ಓದಿಕೊಳ್ಳಬೇಕು. ತಾವು ಬನ್ನಿ. ಹೇಳದೆ ಬನ್ನಿ, ಸಾಧ್ಯವಾದರೆ ನಾನು ರಜೆಯಲ್ಲಿರುವ ದಿನ ಬನ್ನಿ. ಕೊಡೆ ಬಿಡಿಸಬೇಡಿ. ಕುರ್ಚಿಯಲ್ಲಿ ಕೂರಬೇಡಿ. ನೇರ ಗುಂಡಿಗೆ ಇಳಿದು ತಮ್ಮ ಕೈಯಾರೆ ಮೊಗೆದು ನೋಡಿ, ಆಮೇಲೆ ಅಂಗಳದಲ್ಲಿ ಅಗೆಯಲು ಒಂದು ಸಾಲಿನ ಅಪ್ಪಣೆ ಬರೆದುಕೊಡಿ. ನನ್ನಲ್ಲಿ ಮಾತ್ರ ನೀರು ಕೇಳಬೇಡಿ. ಕೇಳಿದರೆ ಒಳ್ಳೆಯದನ್ನೇ ಕೊಡುತ್ತೇನೆ, ನನ್ನಿಂದ ಬೇರೆ ಸಾಧ್ಯವಾಗುವುದಿಲ್ಲ.

ಇನ್ನೊಂದನ್ನು ಹೇಳದೆ ಸಹಿ ಹಾಕಲಾರೆ. ಸಹಾಯಕರು ಹೋದ ಮೇಲೆ ಗಂಟೆ ಹೊಡೆಯಿತು. ಮಕ್ಕಳು ಬಾಯಾರಿ ಕೊಡಪಾನದ ಸುತ್ತ ನೆರೆದರು. ಸೇವಂತಿ ಕಿಟಕಿಯ ಬಳಿ ಮುಖ ತಿರುಗಿಸಿ ಕೂತಿದ್ದಳು. ಉಳಿದವರಿಗೆಲ್ಲ ನಾನೇ ಆ ನೀರನ್ನು ಮೊಗೆದು ಕೊಟ್ಟೆ, ಒಬ್ಬೊಬ್ಬರಿಗೂ ಲೋಟ ತುಂಬ. ಆಗ ನನ್ನ ಕೈ ನಡುಗಲಿಲ್ಲ.

ಇಂತಿ,
ಅತಿಥಿಗಳಿಗೆ ಮಾತ್ರ ಒಳ್ಳೆಯವನಾದ
ಒಬ್ಬ ಮಾಷ್ಟ್ರು